ಎತ್ತಿಗಿಂತ ಮೂಗುದಾರ ದುಬಾರಿ

2025ರ ಡಿಸೆಂಬರ್‌ನ ಒಂದು ಸಂಜೆ. ಇನ್ನೇನು ಷಟರ್ ಎಳೆಯಬೇಕು ಅನ್ನುವಷ್ಟರಲ್ಲಿ ಅಪ್ಪ, ಮಗ ಇಬ್ಬರೂ ಅಂಗಡಿಯ ಮೆಟ್ಟಿಲು ಹತ್ತಿದರು. ಅಪ್ಪ ಹತ್ತಿರದ ಹಳ್ಳಿಯ ಅಡಿಕೆ ಬೆಳೆಗಾರರು. ಕೊಯ್ಲಿನ ಕಾಲವಾದ್ದರಿಂದ ಬೆರಳುಗಳಿಗೆಲ್ಲ ಚೊಗರು ಹಿಡಿದು ಕಪ್ಪಾಗಿದ್ದವು. ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವವನು. ಅವನು ಮೊಬೈಲ್ ಚಾಚಿ, "ಅಣ್ಣಾ, ಇದಕ್ಕೊಂದು ರೇಟು ಹಾಕಿಕೊಡಿ" ಅಂದ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್ ಎಲ್ಲ ಸೇರಿ 62 ಸಾವಿರಕ್ಕೆ ಬಂತು. ಪಟ್ಟಿಯ ಕೊನೆಗೆ ಒಂದೇ ಸಾಲು ಉಳಿದಿತ್ತು: ಆರ್‌ಟಿಎಕ್ಸ್ 5070 ಟಿಐ ಗ್ರಾಫಿಕ್ಸ್ ಕಾರ್ಡ್. ಅದರ ಮುಂದೆ 80 ಸಾವಿರ ಎಂದು ಬರೆದೆ.

ಅಪ್ಪ ಕನ್ನಡಕ ಏರಿಸಿಕೊಂಡು ಚೀಟಿಯನ್ನು ಎರಡು ಸಲ ಓದಿದರು. "ಎಂತ ಮಾರಾಯ್ರೆ ಇದು, ಎತ್ತಿಗಿಂತ ಮೂಗುದಾರ ದುಬಾರಿ ಆಯ್ತಲ್ಲ?"

"ಪ್ರಾಜೆಕ್ಟಿಗೆ ಬೇಕು ಅಪ್ಪಯ್ಯ" ಅಂದ ಹುಡುಗ.

ನಾನು ನಗು ತಡೆದುಕೊಂಡೆ. ಸಾಗರದಲ್ಲಿ ಈ ಅಂಗಡಿ ಇಟ್ಟು ಇಪ್ಪತ್ತಮೂರು ವರ್ಷವಾಯಿತು. ಗ್ರಾಫಿಕ್ಸ್ ಕಾರ್ಡ್ ಬೇಕಾಗಿರುವುದು ಆಟಕ್ಕೆ ಎಂದು ಅಪ್ಪನ ಎದುರು ಬಾಯಿಬಿಟ್ಟ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ. 2005ರಲ್ಲಿ ಆಟೋಕ್ಯಾಡ್‌ಗೆ ಅನ್ನುತ್ತಿದ್ದರು, ಆಮೇಲೆ ವಿಡಿಯೊ ಎಡಿಟಿಂಗ್‌ಗೆ ಅಂದರು, ಈಗ ಎಐ ಪ್ರಾಜೆಕ್ಟಿಗೆ. ತಮಾಷೆ ಏನೆಂದರೆ, ಈ ಮೂರನೇ ಸುಳ್ಳಿನೊಳಗೇ ಆ 80 ಸಾವಿರದ ಗುಟ್ಟೂ ಅಡಗಿದೆ. ಆವತ್ತು ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿ ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈ ಕಾರ್ಡು ಮಾಡುವ ಕೆಲಸವೇನು ಅಂತ ನೋಡೋಣ. ನಮ್ಮ ಕಡೆಯ ಮದುವೆ ಊಟ ನೆನಪು ಮಾಡಿಕೊಳ್ಳಿ. ಒಳಗೆ ಒಲೆಯ ಮುಂದೆ ಅಡಿಗೆ ಭಟ್ಟರು. ಯಾವುದಕ್ಕೆ ಎಷ್ಟು ಉಪ್ಪು, ಯಾವಾಗ ಒಗ್ಗರಣೆ, ಎಲ್ಲ ಲೆಕ್ಕವೂ ಅವರ ತಲೆಯಲ್ಲಿದೆ. ಅವರೇ ಕಂಪ್ಯೂಟರಿನ ಪ್ರೊಸೆಸರ್. ಆದರೆ ಹೊರಗೆ ಪಂಕ್ತಿಯಲ್ಲಿ ಐನೂರು ಎಲೆ ಬಿದ್ದಿದೆ. ಎಷ್ಟೇ ಘನ ಅಡಿಗೆಯವರಾದರೂ ಐನೂರು ಎಲೆಗೆ ಒಬ್ಬರೇ ಬಡಿಸಲು ಹೊರಟರೆ ಕೊನೆಯ ಎಲೆಗೆ ಪಾಯಸ ಮುಟ್ಟುವಾಗ ಸಂಜೆಯಾದೀತು. ಅಲ್ಲಿ ಬೇಕಾದದ್ದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಕೈಗಳು. ಒಬ್ಬ ಉಪ್ಪಿನಕಾಯಿ, ಒಬ್ಬ ಕೋಸಂಬರಿ, ಒಬ್ಬ ಅನ್ನ. ಎಲ್ಲರೂ ಏಕಕಾಲಕ್ಕೆ ಓಡಬೇಕು. ಮಾಮೂಲಿ ಮಾನಿಟರ್ ಒಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷ 73 ಸಾವಿರ ಚುಕ್ಕಿಗಳಿವೆ. ಆಟ ತಡವರಿಸದೆ ಓಡಬೇಕಾದರೆ ಅಷ್ಟೂ ಚುಕ್ಕಿಗೆ ಸೆಕೆಂಡಿಗೆ 60 ಸಲ ಬಣ್ಣ ಬಡಿಸಬೇಕು. ಸೆಕೆಂಡೊಂದಕ್ಕೆ 12 ಕೋಟಿಗೂ ಮೀರಿದ ಎಲೆಗಳ ಪಂಕ್ತಿ ಅದು! 2016ರ ಜಿಟಿಎಕ್ಸ್ 1060 ಕಾರ್ಡಿನಲ್ಲಿ ಹೀಗೆ ಬಡಿಸುವ ಕೈಗಳು 1,280 ಇದ್ದವು. 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090ರಲ್ಲಿ 21,760.

ಹಾಗಾಗಿ ಆಟ ಆಡುವವನ ಲೆಕ್ಕದಲ್ಲಿ ಅದು ಮೂಗುದಾರವಲ್ಲ, ಅದೇ ಎತ್ತು. ಉಳಿದದ್ದೆಲ್ಲ ಗಾಡಿ. ಆವತ್ತು ಇದನ್ನೇ ಹೇಳಿದಾಗ ಅಪ್ಪ, "ಎತ್ತಾದರೂ ಸೈ, ಮೊದಲು ಈ ರೇಟು ಇತ್ತಾ?" ಅಂದರು. ಇರಲಿಲ್ಲ.

ನನ್ನ ಹತ್ತಿರ ಹಳೆಯ ಎಸ್ಟಿಮೇಟ್ ಪುಸ್ತಕಗಳೆಲ್ಲ ಹಾಗೇ ಇವೆ. ಗೆದ್ದಲು ತಿಂದ 2009ರ ಒಂದನ್ನು ಬಿಟ್ಟು. ಅಂಗಡಿ ಇಟ್ಟ ಹೊಸದರಲ್ಲಿ ಸರಕು ತರಲು ತಿಂಗಳಿಗೊಮ್ಮೆ ಸಾಗರದಿಂದ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು ಇಡ್ಲಿ ತಿಂದು ಎಸ್‌ಪಿ ರೋಡಿಗೆ ಹೋಗುವುದು. ಟೌನ್‌ಹಾಲ್ ಹತ್ತಿರದ ಈ ಸಾದರ ಪತ್ರಪ್ಪ ರಸ್ತೆಯಲ್ಲಿ ಹತ್ತು ಗಂಟೆಗೆ ಮುಂಚೆ ಯಾವ ಷಟರೂ ಏಳುವುದಿಲ್ಲ. ಎದ್ದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಆಗ ಬರುತ್ತಿದ್ದ ಮದರ್‌ಬೋರ್ಡ್‌ಗಳಲ್ಲಿ ಚಿತ್ರ ಮೂಡಿಸುವ ಚಿಪ್ ಇರುತ್ತಿತ್ತು, ಆದರೆ ತೀರಾ ಸಾದಾ. 'ಪ್ರಿನ್ಸ್ ಆಫ್ ಪರ್ಷಿಯಾ' ಹಾಕಿದರೆ ತೆರೆಯುತ್ತಲೇ ಇರಲಿಲ್ಲ. ಹುಡುಗರು 'ತ್ರೀಡಿ ಅನಲೈಜ್' ಅನ್ನುವ ಪುಟ್ಟ ಸಾಫ್ಟ್‌ವೇರ್ ಹಾಕಿ, ಇಲ್ಲದ ಕಾರ್ಡ್ ಇದೆ ಅಂತ ಆಟಕ್ಕೇ ಸುಳ್ಳು ಹೇಳಿ ಆಡುತ್ತಿದ್ದರು. ಅದೂ ನಡೆಯದಿದ್ದರೆ ನನ್ನಲ್ಲಿಗೆ. ಎಫ್‌ಎಕ್ಸ್ 5200 ಕಾರ್ಡ್, 2005ರ ನನ್ನ ಚೀಟಿಯಲ್ಲಿ 3,600 ರೂಪಾಯಿ. ಅದು ಒಳ್ಳೆಯ ಕಾರ್ಡಾಗಿರಲಿಲ್ಲ ಬಿಡಿ, ಆದರೆ ಆಟ ತೆರೆಯುತ್ತಿತ್ತು. ಆಮೇಲೆ 2014ರಲ್ಲಿ ಜಿಟಿಎಕ್ಸ್ 750 ಟಿಐ, ಹತ್ತೂವರೆ ಸಾವಿರ. 2017ರಲ್ಲಿ 1050 ಟಿಐ, 11,800. 2019ರಲ್ಲಿ 1650, ಹನ್ನೆರಡೂವರೆ ಸಾವಿರ.

ಈ ಕೊನೆಯ ಮೂರು ಕಾರ್ಡುಗಳ ಬಗ್ಗೆ ನನಗೆ ಎಂಥದೋ ಮಮತೆ. ಅವುಗಳ ಅನೇಕ ಮಾದರಿಗಳಿಗೆ ಬೇರೆ ಕರೆಂಟ್ ವೈರ್ ಕೊಡಬೇಕಿರಲಿಲ್ಲ. ಮದರ್‌ಬೋರ್ಡ್‌ನ ಸ್ಲಾಟ್‌ನಿಂದ ಸಿಗುವ 75 ವ್ಯಾಟ್‌ನಲ್ಲೇ ಓಡುತ್ತಿದ್ದವು. ಅಂದರೆ ಹಳೆಯ ಆಫೀಸ್ ಕಂಪ್ಯೂಟರಿಗೂ ಸಿಕ್ಕಿಸಬಹುದು, ಕರೆಂಟ್ ಪೂರೈಸುವ ಹೊಸ ಎಸ್‌ಎಂಪಿಎಸ್ ಖರ್ಚಿಲ್ಲ. ಅಮೆರಿಕದಲ್ಲಿ ಅವು ಬಿಡುಗಡೆಯಾದಾಗಿನ ಬೆಲೆ ಕ್ರಮವಾಗಿ 149, 139, 149 ಡಾಲರ್. ಐದು ವರ್ಷ ಆ ಮೆಟ್ಟಿಲು ಅಲ್ಲಾಡಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಮೊದಲು ಗಲಿಬಿಲಿ ಆದದ್ದು ಕ್ರಿಪ್ಟೋ ಕಾಲದಲ್ಲಿ. ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಲೆಕ್ಕ ಬಿಡಿಸಿ ಗಳಿಸಬಹುದಿತ್ತು, ಆ ಲೆಕ್ಕಕ್ಕೂ ಇದೇ ಬಡಿಸುವ ಕೈಗಳು ಒಗ್ಗುತ್ತಿದ್ದವು. 2017ರಲ್ಲಿ ಒಂದು ಅಲೆ ಬಂತು. 2021ರಲ್ಲಿ ಬಂದದ್ದು ಪ್ರವಾಹ. ಮೇಲಿಂದ ಕೊರೊನಾ, ಮನೆಯಲ್ಲಿ ಕೂತವರಿಗೆಲ್ಲ ಕಂಪ್ಯೂಟರ್ ಬೇಕು, ಚಿಪ್ ಬರುತ್ತಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3060ಕ್ಕೆ ಕಂಪನಿ ಹೇಳಿದ ಬೆಲೆ 29,500 ರೂಪಾಯಿ. ಫೋನ್ ಮಾಡಿದರೆ ಬೆಂಗಳೂರಿನ ಡೀಲರ್ ಹೆಚ್ಚುಕಡಿಮೆ ದುಪ್ಪಟ್ಟು ಹೇಳಿ, "ಬೇಕಾದರೆ ಈಗಲೇ ಹೇಳಿ, ಸಂಜೆಗೆ ಇರಲ್ಲ" ಅನ್ನುತ್ತಿದ್ದ. ಲಾಕ್‌ಡೌನ್‌ಗೆ ಊರಿಗೆ ಬಂದಿದ್ದ ಸಾಫ್ಟ್‌ವೇರ್ ಹುಡುಗನೊಬ್ಬ ಆರು ಕಾರ್ಡ್ ಒಟ್ಟಿಗೆ ಕೇಳಿದ. ಅಷ್ಟನ್ನೂ ಕಬ್ಬಿಣದ ರ‍್ಯಾಕಿಗೆ ಜೋಡಿಸಿ ದನದ ಕೊಟ್ಟಿಗೆಯ ಅಟ್ಟದ ಮೇಲೆ ಇಡುತ್ತಾನಂತೆ. "ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಎಷ್ಟು ಹೊತ್ತು ಇರ್ತದೆ ಅಂತ ಮರೆತುಬಿಟ್ಯಾ?" ಅಂತ ಕೇಳಿ ಕಳಿಸಿದೆ. ಕಾರ್ಡೂ ನನ್ನ ಹತ್ತಿರ ಇರಲಿಲ್ಲ ಅನ್ನಿ.

2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ತನ್ನ ವಿಧಾನವನ್ನೇ ಬದಲಿಸಿಕೊಂಡಿತು. ಕಾರ್ಡ್ ಇಟ್ಟು ಗಳಿಸುವ ದಾರಿ ಒಂದೇ ದಿನದಲ್ಲಿ ಮುಚ್ಚಿಹೋಯಿತು. ಹಗಲೂ ರಾತ್ರಿ ದುಡಿದು ಹಣ್ಣಾದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಬೆಲೆ ಇಳಿಯಿತು. ಎಲ್ಲರೂ ಸದ್ಯ ಅಂದುಕೊಂಡೆವು. ಅದಾದ ಎರಡೂವರೆ ತಿಂಗಳಿಗೆ, ನವೆಂಬರ್ 30ರಂದು, ಚಾಟ್‌ಜಿಪಿಟಿ ಬಂತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಎನ್‌ವಿಡಿಯಾ ಎಂಬ ಕಂಪನಿಯನ್ನು ಜೆನ್ಸನ್ ಹುವಾಂಗ್ ಮತ್ತಿಬ್ಬರು ಗೆಳೆಯರು ಸೇರಿ 1993ರಲ್ಲಿ ಕಟ್ಟಿದ್ದು ಕಂಪ್ಯೂಟರ್ ಆಟಗಳನ್ನೇ ನಂಬಿಕೊಂಡು. 1999ರ ಜಿಫೋರ್ಸ್ 256ರಿಂದ ಹಿಡಿದು ಮೇಲೆ ಹೇಳಿದ ನನ್ನ ಚೀಟಿಗಳ ತನಕ, ಆ ಕಂಪನಿ ಬೆಳೆದದ್ದು ಅಪ್ಪನಿಗೆ ಸುಳ್ಳು ಹೇಳಿ ಕಾರ್ಡ್ ಕೊಂಡ ಹುಡುಗರ ದುಡ್ಡಿನಿಂದ. 2007ರ ಹೊತ್ತಿಗೆ ಅವರು 'ಕೂಡಾ' ಎಂಬ ಸಾಫ್ಟ್‌ವೇರ್ ಹೊರತಂದರು. ಅದರಿಂದ ಈ ಬಡಿಸುವ ಕೈಗಳಿಗೆ ಬಣ್ಣ ಬಿಟ್ಟು ಬೇರೆ ಲೆಕ್ಕವನ್ನೂ ವಹಿಸಬಹುದಾಯಿತು. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್‌ಸ್ಕೆವರ್ ಮತ್ತು ಅವರ ಗುರು ಜೆಫ್ರಿ ಹಿಂಟನ್, ಫೋಟೊ ನೋಡಿ ಇದು ಬೆಕ್ಕು, ಇದು ಹಡಗು ಎಂದು ಗುರುತಿಸುವ ಅಲೆಕ್ಸ್‌ನೆಟ್ ಎಂಬ ವ್ಯವಸ್ಥೆ ಮಾಡಿ ಜಗತ್ತನ್ನು ಬೆರಗುಗೊಳಿಸಿದರಲ್ಲ, ಅದಕ್ಕೆ ಅವರು ಬಳಸಿದ್ದು ಎರಡು ಜಿಟಿಎಕ್ಸ್ 580 ಕಾರ್ಡ್. ಪ್ರಯೋಗಾಲಯದ ಯಂತ್ರವೇನೂ ಅಲ್ಲ, ಅಂಗಡಿಯಲ್ಲಿ ಸಿಗುತ್ತಿದ್ದ ಆಟದ ಕಾರ್ಡೇ. ಇವತ್ತಿನ ಎಐ ಹುಟ್ಟಿದ್ದು ಆಟದ ಕಾರ್ಡಿನ ಮೇಲೆ ಅಂತ ನಾನು ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ.

ಹಾಗೆ ಹುಟ್ಟಿದ ಕೂಸು ದೊಡ್ಡದಾಗಿ ಮನೆಯ ಯಜಮಾನಿಕೆಯನ್ನೇ ತಗೊಂಡಿತು. ಎನ್‌ವಿಡಿಯಾದ ಲೆಕ್ಕಪತ್ರ ನೋಡಿ. 2022ರ ಜನವರಿಗೆ ಮುಗಿದ ವರ್ಷದಲ್ಲಿ ಆಟದ ವಿಭಾಗದಿಂದ ಬಂದ ವಹಿವಾಟು 1,246 ಕೋಟಿ ಡಾಲರ್, ಡೇಟಾ ಸೆಂಟರ್ ಕಡೆಯಿಂದ 1,061 ಕೋಟಿ. ಆಟಗಾರನೇ ದೊಡ್ಡ ಗಿರಾಕಿ. ಮೂರು ವರ್ಷ ಬಿಟ್ಟು, 2025ರ ಜನವರಿಗೆ ಮುಗಿದ ವರ್ಷದಲ್ಲಿ ಆಟದಿಂದ 1,135 ಕೋಟಿ, ಡೇಟಾ ಸೆಂಟರಿನಿಂದ 11,520 ಕೋಟಿ. ಅಂದರೆ ಹತ್ತು ಪಟ್ಟು. ನಾನೂ ವ್ಯಾಪಾರಿಯೇ. ಒಬ್ಬ ಗಿರಾಕಿ ಹತ್ತು ರೂಪಾಯಿ ಸರಕು ಒಯ್ಯುತ್ತಾನೆ, ಇನ್ನೊಬ್ಬ ಒಂದು ರೂಪಾಯಿಯದ್ದು ಒಯ್ದು ರೇಟು ಜಾಸ್ತಿ ಅಂತ ಗೊಣಗುತ್ತಾನೆ. ಮೊದಲು ಯಾರಿಗೆ ಕುರ್ಚಿ ಹಾಕಲಿ?

ಇದನ್ನು ಆ ಅಪ್ಪನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ನನ್ನ ಮನೆಯ ಕೆಳಗಿನ ಗದ್ದೆಯೇ ನೆನಪಿಗೆ ಬಂತು. ನಮ್ಮಪ್ಪನ ಕಾಲದಲ್ಲಿ ಅಲ್ಲಿ ಭತ್ತ ಬೆಳೆಯುತ್ತಿತ್ತು. ಅಡಿಕೆಗೆ ಬೆಲೆ ಬಂತು ನೋಡಿ, ಒಬ್ಬೊಬ್ಬರೇ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟರು. ನಾವೂ ನೆಟ್ಟೆವು. ಭೂಮಿ ಅದೇ, ನೀರು ಅದೇ, ಆಳೂ ಅದೇ. ಬೆಳೆ ಮಾತ್ರ ಬೇರೆ. ಈಗ ನಮ್ಮೂರಲ್ಲಿ ಸ್ವಂತ ಗದ್ದೆಯ ಅಕ್ಕಿ ಉಣ್ಣುವ ಮನೆ ಎಷ್ಟು ಉಳಿದಿವೆಯೋ ಬೆರಳಲ್ಲಿ ಎಣಿಸಬಹುದು. ಭತ್ತ ಬೆಳೆಯಬಾರದು ಅಂತ ಯಾರೂ ಹಟ ಹಿಡಿಯಲಿಲ್ಲ, ಲೆಕ್ಕ ಹಾಕಿದರು, ಅಷ್ಟೇ.

ಚಿಪ್ಪಿನ ಲೋಕದ ಗದ್ದೆ ಇರುವುದು ತೈವಾನಿನಲ್ಲಿ, ಟಿಎಸ್‌ಎಂಸಿ ಎಂಬ ಕಂಪನಿಯ ಕಾರ್ಖಾನೆಗಳಲ್ಲಿ. ಅಲ್ಲಿ ಹೆಚ್ಚುಕಡಿಮೆ ಒಂದು ಅಡಿ ಅಗಲದ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್ಪುಗಳನ್ನು ಮೂಡಿಸಿ ಕತ್ತರಿಸುತ್ತಾರೆ. 2022ರ ಆರ್‌ಟಿಎಕ್ಸ್ 4090 ಕಾರ್ಡಿನ ಚಿಪ್ 608 ಚದರ ಮಿಲಿಮೀಟರ್. ಅದೇ ವರ್ಷದ ಎಚ್100 ಎಂಬ ಎಐ ಚಿಪ್ 814 ಚದರ ಮಿಲಿಮೀಟರ್. ಎರಡೂ ಒಂದೇ ಬಗೆಯ ತಯಾರಿಕಾ ವಿಧಾನದಲ್ಲಿ, ಒಂದೇ ಕಂಪನಿಯ ಕಾರ್ಖಾನೆಯಲ್ಲಿ ಆದವು. ಮೊದಲನೆಯದಕ್ಕೆ ಫ್ಯಾನು, ಮೆಮೊರಿ, ಪೆಟ್ಟಿಗೆ ಎಲ್ಲ ಸೇರಿಸಿ 1,599 ಡಾಲರ್. ಎರಡನೆಯದನ್ನು ಹಾಕಿದ ಕಾರ್ಡಿಗೆ 25 ಸಾವಿರ ಡಾಲರ್‌ಗೂ ಮೇಲೆ. ಜಾಗ ಮೂರನೇ ಒಂದು ಭಾಗದಷ್ಟು ಹೆಚ್ಚು ಬೇಕು, ಬರುವ ದುಡ್ಡು ಹದಿನೈದು ಪಟ್ಟು. ಇದನ್ನು ಕೇಳಿದ ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಅವರು ಭತ್ತ ಬೆಳೆಯೋದೇ ದೊಡ್ಡದು ಬಿಡಿ" ಅಂದರು. ನನಗಿಂತ ಚೆನ್ನಾಗಿ ಅವರಿಗೇ ಅರ್ಥವಾಗಿತ್ತು.

ಹಾಗಂತ ಎಲ್ಲ ತಪ್ಪನ್ನೂ ಎಐ ತಲೆಗೆ ಕಟ್ಟುವುದು ಸರಿಯಲ್ಲ. ಚಿಪ್ ಮಾಡುವ ಖರ್ಚೂ ಏರಿದೆ. ಕಾವಲಿಯ ಮೇಲೆ ಪಡ್ಡು ಹುಯ್ಯುವುದಕ್ಕೂ ಪೇಪರ್ ದೋಸೆ ಹುಯ್ಯುವುದಕ್ಕೂ ಇರುವ ವ್ಯತ್ಯಾಸ ಅದು. ಒಂದು ಕಸ ಬಿತ್ತು ಅನ್ನಿ, ಪಡ್ಡಾದರೆ ಒಂದು ಹೋಯಿತು, ದೋಸೆಯಾದರೆ ಇಡೀ ದೋಸೆಯೇ ಹೋಯಿತು. 1060ರ ಚಿಪ್ 200 ಚದರ ಮಿಲಿಮೀಟರ್, ಒಂದು ಬಿಲ್ಲೆಯಲ್ಲಿ ಮುನ್ನೂರರ ಆಸುಪಾಸು ಕೂರುತ್ತವೆ. 5090ರ ಚಿಪ್ 750 ಚದರ ಮಿಲಿಮೀಟರ್, ಎಪ್ಪತ್ತರ ಆಸುಪಾಸು ಅಷ್ಟೇ. ಹೊಸ ಹೊಸ ತಂತ್ರ ಬಂದಂತೆ ಬಿಲ್ಲೆಯ ಬೆಲೆಯೂ ಏರುತ್ತಲೇ ಬಂದಿದೆ. ಮೊದಲೆಲ್ಲ ಒಂದೆರಡು ವರ್ಷ ಕಾದರೆ ಅದೇ ದುಡ್ಡಿಗೆ ಎರಡರಷ್ಟು ಶಕ್ತಿ ಸಿಗುತ್ತಿತ್ತು. ಇಂಟೆಲ್‌ನ ಗಾರ್ಡನ್ ಮೂರ್ ಹೆಸರಿನಲ್ಲಿ ಅದನ್ನೊಂದು ನಿಯಮ ಅಂತಲೇ ಕರೆಯುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಬೆಲೆ ಏಕೆ ಇಷ್ಟು ಎಂದು ಪತ್ರಕರ್ತರು ಕೇಳಿದಾಗ ಹುವಾಂಗ್ ಆ ನಿಯಮ ಸತ್ತಿದೆ ಅಂದುಬಿಟ್ಟರು. ನಿಜ ಇರಬಹುದು. ಆದರೆ ಸಾವಿನ ಸುದ್ದಿ ಹೇಳಿದವರೇ ತಿಥಿ ಊಟದ ಬಿಲ್ಲನ್ನೂ ನಮ್ಮ ಕೈಗಿಟ್ಟದ್ದು ನನಗೆ ಅಷ್ಟು ಸರಿ ಕಾಣಲಿಲ್ಲ. 2020ರ ಆರ್‌ಟಿಎಕ್ಸ್ 3080 ಬಿಡುಗಡೆಯಾದಾಗ 699 ಡಾಲರ್. ಆ ಸುದ್ದಿಯ ಹಿಂದೆಯೇ ಬಂದ 4080, 1,199 ಡಾಲರ್. ಎರಡು ವರ್ಷದಲ್ಲಿ ಚಿಪ್ ಮಾಡುವ ಖರ್ಚು ಇಷ್ಟು ಏರಿತೇ ಅಂತ ಕೇಳಿದರೆ ನಾನು ಇಲ್ಲ ಅನ್ನುತ್ತೇನೆ. ಪೈಪೋಟಿ ಇದ್ದಿದ್ದರೆ ಹಾಗೆ ಏರಿಸುವ ಧೈರ್ಯ ಬರುತ್ತಿರಲಿಲ್ಲ. ಬಿಡಿಯಾಗಿ ಮಾರುವ ಕಾರ್ಡುಗಳಲ್ಲಿ ಹತ್ತಕ್ಕೆ ಒಂಬತ್ತು ಎನ್‌ವಿಡಿಯಾದ್ದೇ. ಎಎಂಡಿ ಇದೆ, ಇಂಟೆಲ್ ಈಚೆಗೆ ಕಾಲಿಟ್ಟಿದೆ. ಇಂಟೆಲ್‌ನ 249 ಡಾಲರಿನ ಬಿ580 ಕಾರ್ಡನ್ನು ನಾನೇ ಇಬ್ಬರಿಗೆ ಹಾಕಿಕೊಟ್ಟಿದ್ದೇನೆ, ಇಬ್ಬರೂ ಬೈದಿಲ್ಲ. ಆದರೂ ಬಂದವರೆಲ್ಲ ಕೇಳುವುದು ಆರ್‌ಟಿಎಕ್ಸ್ ಅನ್ನೇ.

ಇನ್ನು ನಮ್ಮ ದೇಶದ ಲೆಕ್ಕ. "ಅಮೆರಿಕದಲ್ಲಿ ಕಡಿಮೆ, ನೀವೇ ದುಡ್ಡು ಹೊಡೀತೀರಿ" ಅಂತ ಹುಡುಗರು ನನ್ನ ಮುಖಕ್ಕೇ ಹೇಳುತ್ತಾರೆ. ಆರ್‌ಟಿಎಕ್ಸ್ 5070ರ ಉದಾಹರಣೆ ತಗೊಳ್ಳಿ. 2025ರ ಜನವರಿಯಲ್ಲಿ ಅಲ್ಲಿ 549 ಡಾಲರ್ ಅಂತ ಹೇಳಿದರು, ಇಲ್ಲಿ 59,000 ರೂಪಾಯಿ. ಆಗ ಡಾಲರಿಗೆ 86 ರೂಪಾಯಿ ಇತ್ತು, ಗುಣಿಸಿದರೆ 47,200. ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ 55,700. ಅಮೆರಿಕದವರು ಹೇಳುವ ಬೆಲೆಯಲ್ಲಿ ಅವರ ರಾಜ್ಯದ ತೆರಿಗೆ ಸೇರಿರುವುದಿಲ್ಲ, ನಮ್ಮದರಲ್ಲಿ ಎಲ್ಲ ಸೇರಿಯೇ ಇರುತ್ತದೆ. ಉಳಿದ ಮೂರು ಸಾವಿರ ಚಿಲ್ಲರೆಯಲ್ಲಿ ಆಮದುದಾರ, ಡೀಲರ್, ಪಾರ್ಸೆಲ್ ಲಾರಿ, ಕೊನೆಗೆ ನಾನು. ಒಂದು ಕಾರ್ಡ್ ಮಾರಿದರೆ ನನಗೆ ಸಿಗುವುದಕ್ಕಿಂತ ಹತ್ತು ಕೀಬೋರ್ಡ್ ಮಾರಿದರೆ ಹೆಚ್ಚು ಸಿಗುತ್ತದೆ, ಆಣೆಗೂ. ನಿಜವಾಗಿ ಹೊಡೆತ ಕೊಟ್ಟದ್ದು ರೂಪಾಯಿ. 2014ರಲ್ಲಿ ಡಾಲರಿಗೆ 61 ರೂಪಾಯಿ ಇದ್ದಾಗ 549 ಡಾಲರ್ ಅಂದರೆ ಮೂವತ್ತಮೂರೂವರೆ ಸಾವಿರ. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿತು, ಅದೇ 549 ಡಾಲರ್ ನಲವತ್ತೊಂಬತ್ತು ಸಾವಿರಕ್ಕೆ ಏರಿತು. ಕಂಪನಿ ಒಂದು ಪೈಸೆ ಏರಿಸದಿದ್ದರೂ ನಮಗೆ ಏರಿಯೇ ಏರುತ್ತದೆ.

ಇದರಲ್ಲೊಂದು ವಿಚಿತ್ರ ಇದೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಟೆಕ್ನೋಸ್ಟಾರ್ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲೇ ತೆರೆಯಿತು, ಐದು ಲಕ್ಷ ಚದರ ಅಡಿಯದ್ದು. ಎನ್‌ವಿಡಿಯಾದ ಕಚೇರಿಯೂ ಅಲ್ಲಿದೆ. ನಮ್ಮ ಮಲೆನಾಡಿನ ಮಕ್ಕಳೂ ಅಲ್ಲಿ ಕೂತು ಚಿಪ್ಪಿನ ನಕ್ಷೆ ಮಾಡುತ್ತಾರೆ. ಆ ಬಗೆಯ ಚಿಪ್ ತೈವಾನಿನಲ್ಲಿ ಅಚ್ಚಾಗಿ, ಬೇರೆಲ್ಲೋ ಕಾರ್ಡಿಗೆ ಕೂತು, ಹಡಗೋ ವಿಮಾನವೋ ಹತ್ತಿ, ಡಾಲರ್ ಲೆಕ್ಕದಲ್ಲಿ ಎಸ್‌ಪಿ ರೋಡಿಗೆ ಬಂದು ಬೀಳುತ್ತದೆ. ನಮ್ಮ ತೋಟದ ಹೂವನ್ನು ಪೇಟೆಯಲ್ಲಿ ಮೊಳ ಲೆಕ್ಕದಲ್ಲಿ ಕೊಂಡು ತಂದ ಹಾಗೆ.

ಈಗ ಆ ಮೆಟ್ಟಿಲಿನ ಮಾತಿಗೆ ಬರುತ್ತೇನೆ. ಪತ್ರಿಕೆಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಬೆಲೆ ಅಂದಕೂಡಲೇ ಬರುವುದು 5090ರ ಚಿತ್ರ: ಬಿಡುಗಡೆಯಾದಾಗ 1,999 ಡಾಲರ್, ಇಲ್ಲಿ 2,14,000 ರೂಪಾಯಿ, 575 ವ್ಯಾಟ್ ಕರೆಂಟ್. ಅದಕ್ಕೆ ನನ್ನ ತಕರಾರಿಲ್ಲ. ಎರಡು ಲಕ್ಷದ ಕಾರ್ಡ್ ಕೊಳ್ಳುವವನು ಎರಡೂವರೆ ಆದರೂ ಕೊಳ್ಳುತ್ತಾನೆ, ಅವನು ಸಾಗರಕ್ಕೆ ಬರುವವನೂ ಅಲ್ಲ. ನಡುವಿನ ಕಾರ್ಡುಗಳು ಜನ ಬೊಬ್ಬೆ ಹಾಕುವಷ್ಟು ಏರಿಲ್ಲ. 2016ರ 1060, 249 ಡಾಲರ್. 2025ರ 5060, 299 ಡಾಲರ್. ಒಂಬತ್ತು ವರ್ಷದಲ್ಲಿ ದೋಸೆಯ ಬೆಲೆ ಇದಕ್ಕಿಂತ ಹೆಚ್ಚು ಏರಿದೆ.

ನನಗೆ ಸಂಕಟವಾಗುವುದು ಕೆಳಗಿನ ಮೆಟ್ಟಿಲು ನೋಡಿ. 149 ಡಾಲರಿನ ಜಾಗಕ್ಕೆ 1650 ಆದ ಮೇಲೆ ಮತ್ತೊಂದು ಸರಿಯಾದ ಕಾರ್ಡ್ ಎನ್‌ವಿಡಿಯಾದಿಂದ ಬರಲೇ ಇಲ್ಲ. 2022ರ 3050 ಬಂದದ್ದು 249 ಡಾಲರಿಗೆ. 40ರ ಸಾಲಿನಲ್ಲಿ ಡೆಸ್ಕ್‌ಟಾಪಿಗೆ 4050 ಅಂತ ಒಂದನ್ನು ತರಲೂ ಇಲ್ಲ. 2025ರ 5050 ಮತ್ತೆ 249. ಮೇಲಿನ ಅಂತಸ್ತು ಎತ್ತರವಾಯಿತು ಅಂತ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾಗ ಏಣಿಯ ಕೆಳಗಿನ ಮೆಟ್ಟಿಲನ್ನು ಯಾರೋ ಕೊಯ್ದು ಒಯ್ದಿದ್ದರು. ಹನ್ನೊಂದು ಸಾವಿರ ರೂಪಾಯಿಗೆ ಕಾರ್ಡ್ ಕೊಂಡು, ಪಿಯುಸಿ ರಜೆಯಲ್ಲಿ ಆಟ ಆಡಿ, ಕ್ಯಾಬಿನೆಟ್ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡು, ಇವತ್ತು ಎಲ್ಲೆಲ್ಲೋ ಕೆಲಸದಲ್ಲಿರುವ ಹುಡುಗರು ನನ್ನ ಪುಸ್ತಕದಲ್ಲಿ ಸಾಲುಸಾಲಾಗಿ ಸಿಗುತ್ತಾರೆ. ಈಗಿನ ಹನ್ನೊಂದು ಸಾವಿರದವರಿಗೆ ನಾನು ಕೊಡುವುದು ಏನು?

ಏನು ಸಿಗುತ್ತದೆ ಅಂದರೆ ಮೋಸ. ಜಿಟಿ 730 ಎಂಬ 2014ರ ಕಾರ್ಡ್ ಇವತ್ತಿಗೂ ಹೊಸ ಪೆಟ್ಟಿಗೆಯಲ್ಲಿ ಸಿಗುತ್ತದೆ, ಮೇಲೆ ದಪ್ಪಕ್ಷರದಲ್ಲಿ 4 ಜಿಬಿ ಅಂತ. ಜಿಬಿ ನೋಡಿ ಕಾರ್ಡ್ ಕೊಳ್ಳುವುದು ಹಂಡೆಯ ಗಾತ್ರ ನೋಡಿ ಅಡಿಗೆಯವರನ್ನು ಗೊತ್ತು ಮಾಡಿದ ಹಾಗೆ. ಅದಕ್ಕಿಂತ ಕೆಟ್ಟದ್ದು ನಕಲಿ. ಒಂದು ಸಲ ನಾನೇ ಬಿದ್ದೆ. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ 1050 ಟಿಐ ಮೂರು ತರಿಸಿದ್ದೆ. ಕಂಪ್ಯೂಟರಿನಲ್ಲಿ ಹೆಸರು ಸರಿಯಾಗಿಯೇ ತೋರಿಸುತ್ತಿತ್ತು. ಆಟ ಹಾಕಿದರೆ ಕಿತ್ತುಹೋದ ರೀಲಿನ ಹಾಗೆ. ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದರೆ ಒಳಗಿದ್ದದ್ದು 2011ರ 550 ಟಿಐ. ಕಾರ್ಡಿನ ಬಯೋಸ್ ತಿದ್ದಿ ಹೆಸರು ಬದಲಿಸಿದ್ದರು. ದುಡ್ಡು ವಾಪಸ್ ಬರಲಿಲ್ಲ. ಆ ಮೂರೂ ಈಗ ನನ್ನ ಮೇಜಿನ ಮೇಲೆ ಪೇಪರ್ ಹಾರದಂತೆ ತಡೆಯುವ ಕೆಲಸ ಮಾಡುತ್ತಿವೆ. ಅಂದಿನಿಂದ ಸೆಕೆಂಡ್ ಹ್ಯಾಂಡ್ ಕಾರ್ಡ್ ಯಾರೇ ತರಲಿ, ಮೊದಲು ಆ ಸಾಫ್ಟ್‌ವೇರ್, ಆಮೇಲೆ ಅರ್ಧ ಗಂಟೆ ಆಟ, ಆಮೇಲೆ ಮಾತು. ಕರಾವಳಿ, ಮಲೆನಾಡಿನ ಕಾರ್ಡಾದರೆ ಫ್ಯಾನಿನ ಹಿಂದಿನ ರೆಕ್ಕೆಗಳಿಗೆ ತುಕ್ಕು ಹಿಡಿದಿದೆಯೇ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ. ನಮ್ಮ ಮಳೆಗಾಲ ಕ್ರಿಪ್ಟೋಗಿಂತ ಕಠಿಣ.

ಇದರ ಮೇಲೆ 2025ರ ಕೊನೆಗೆ ಮೆಮೊರಿಯ ಬರ. ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯನ್ನೂ ನಮ್ಮ ರ‍್ಯಾಮನ್ನೂ ಕಾರ್ಡಿನ ಮೆಮೊರಿಯನ್ನೂ ಮುಖ್ಯವಾಗಿ ಮಾಡುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಇಲ್ಲಿಯೂ ಗದ್ದೆ ತೋಟವಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಎಂದು ಸಾರಿತು. ನಾನು ವರ್ಷಗಟ್ಟಲೆ ಕಣ್ಣುಮುಚ್ಚಿ ಹಾಕುತ್ತಿದ್ದ ರ‍್ಯಾಮ್ ಅದು. ಕೆಲವೇ ತಿಂಗಳಲ್ಲಿ ರ‍್ಯಾಮ್ ರೇಟು ಎರಡು ಪಟ್ಟು ಮೀರಿತು. ಎಸ್ಟಿಮೇಟ್ ಚೀಟಿಯ ಕೆಳಗೆ "ರೇಟು ಇವತ್ತಿಗೆ ಮಾತ್ರ" ಅಂತ ಬರೆಯಲು ಶುರು ಮಾಡಿದ್ದು ಆಗಲೇ. ಆ ಸಂಜೆ ಅಪ್ಪ ಅದನ್ನು ಓದಿ ಮೊದಲ ಸಲ ನಕ್ಕರು. "ನಮ್ಮ ಮಂಡಿ ಹಾಗೇ ಆಯ್ತಲ್ಲ ನಿಮ್ಮದೂ."

ಆವತ್ತು ವ್ಯಾಪಾರ ಆಗಲಿಲ್ಲ. ಹುಡುಗ ಆಟಕ್ಕೆ ಅಂತ ಬಾಯಿಬಿಟ್ಟಿದ್ದರೆ ಪ್ಲೇಸ್ಟೇಷನ್ ತಗೊಳ್ಳಿ ಅನ್ನಬಹುದಿತ್ತು, ಆ ಒಂದು ಕಾರ್ಡಿನ ದುಡ್ಡಿಗಿಂತ ಕಡಿಮೆಗೆ ಇಡೀ ಯಂತ್ರವೇ ಬರುತ್ತಿತ್ತು. ಆದರೆ ಅದನ್ನು ಪ್ರಾಜೆಕ್ಟ್ ಅಂತ ಹೇಳಿ ಒಪ್ಪಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ.

ಹದಿನೈದು ದಿನ ಬಿಟ್ಟು ಮಂಡಿಗೆ ಬಂದವರು ಅಪ್ಪ ಒಬ್ಬರೇ ಅಂಗಡಿಗೆ ಬಂದರು. ಜೀಪಿನ ಹಿಂದೆ ಗೋಣಿಚೀಲ ಸುತ್ತಿದ ಕ್ಯಾಬಿನೆಟ್. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ನಾನೇ ಕೊಟ್ಟಿದ್ದ ಹಳೆಯ ಕಂಪ್ಯೂಟರ್. "ಇದಕ್ಕೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದ ನೋಡಿ. ಅವನು ಆಟಕ್ಕೇ ಕೇಳಿದ್ದು ಅಂತ ನನಗೂ ಗೊತ್ತುಂಟು" ಅಂದರು. ಶಿವಮೊಗ್ಗದಲ್ಲಿ ಮುಚ್ಚಿದ ಸೈಬರ್ ಸೆಂಟರ್ ಒಂದರಿಂದ ತಂದಿಟ್ಟಿದ್ದ 1650 ಒಂದಿತ್ತು. ಧೂಳು ಊದಿ, ಪೇಸ್ಟ್ ಬದಲಿಸಿ, ಸ್ಲಾಟಿಗೆ ಒತ್ತಿ ಕೂರಿಸಿದೆ. ಬೇರೆ ವೈರ್ ಬೇಕಾಗಲಿಲ್ಲ. 6,000 ರೂಪಾಯಿ.

ಆ ಭಾನುವಾರ ರಾತ್ರಿ ಹುಡುಗನ ಫೋನ್ ಬಂತು. ಜಿಟಿಎ 5 ಸಲೀಸಾಗಿ ಓಡುತ್ತಿದೆಯಂತೆ.

"ಮತ್ತೆಂತ ತೊಂದರೆ?"

"ಅಪ್ಪಯ್ಯನಿಗೆ ಕಾರು ಓಡಿಸ್ಲಿಕ್ಕೆ ಕೊಟ್ಟಿದ್ದೆ ಅಣ್ಣಾ. ಕೆಂಪು ಸಿಗ್ನಲ್ ಬಿದ್ದಲ್ಲೆಲ್ಲ ನಿಲ್ಲಿಸ್ತಾರೆ. ಅರ್ಧ ಗಂಟೆಯಿಂದ ಊರು ದಾಟಿಲ್ಲ."